ಏಡಿಗಳಿಗೆ ಉಸಿರು ಸಾಲದ ನೀರು

“ಇದರಲ್ಲೂ ಎಲ್ಲಾ ಸತ್ತಿವೆ, ಅಪ್ಪ!”

ಡೆಲ್ಲಾ ತಂತಿಯ ಬೋನನ್ನು ಬೋರಲು ಹಾಕಿ ಕೊಡವಿದಳು. ಏಡಿಗಳು ದೋಣಿಯ ಹಲಗೆಯ ಮೇಲೆ ಉದುರಿದವು. ಒಂದೂ ಇಕ್ಕಳದಂಥ ಕಾಲು ಎತ್ತಲಿಲ್ಲ. ಒಂದೂ ಅಡ್ಡಡ್ಡ ಓಡಲಿಲ್ಲ. ಕೆಟ್ಟ ವಾಸನೆ ಮೂಗಿಗೆ ಹೊಡೆಯಿತು.

ಅಪ್ಪ ಮುಂಗೈಯಿಂದ ಬೆವರು ಒರೆಸಿಕೊಂಡ. “ನೀರಿಗೆ ಎಸಿ. ನೋಡ್ತಾ ಕೂತ್ರೆ ಎದ್ದು ಬರ್ತಾವಾ?”

“ಹೋದ ವಾರ ಚೆನ್ನಾಗೇ ಇದ್ವಲ್ಲ?”

“ಹೋದ ವಾರ ತಳದಲ್ಲಿ ಉಸಿರಾಡೋಕೆ ಆಗ್ತಿತ್ತು. ಈಗಿಲ್ಲ. ಹೊರಗಿದ್ದವು ಓಡಿಹೋಗಿರ್ತಾವೆ. ಬೋನೊಳಗಿನವು ಎಲ್ಲಿಗೆ ಹೋಗ್ಬೇಕು ಹೇಳು?”

ಜುಲೈ ತಿಂಗಳ ಬಿಸಿಲು. ಅಮೆರಿಕದ ಚೆಸಪೀಕ್ ಕೊಲ್ಲಿಯ ನೀರು ಹಸಿರಾಗಿ, ಅಲುಗಾಡದೆ ಬಿದ್ದಿತ್ತು. ಆಳದಲ್ಲಿಟ್ಟ ಬೋನುಗಳನ್ನೆಲ್ಲ ಎತ್ತಿ, ದಡದ ಹತ್ತಿರದ ಕಡಿಮೆ ನೀರಿಗೆ ಸಾಗಿಸಬೇಕಿತ್ತು. ಅಪ್ಪ ಎಳೆದ, ಡೆಲ್ಲಾ ಜೋಡಿಸಿದಳು. ಅವಳ ತೋಳು ಸೋತು ನೇತಾಡುತ್ತಿತ್ತು. ದಿನವೂ ದೋಣಿಯಲ್ಲಿ ಹಾಡುವ ಅಪ್ಪ ಇವತ್ತು ಒಂದು ಹಾಡನ್ನೂ ಎತ್ತಲಿಲ್ಲ.

ಸೈನ್ಸ್ ಕ್ಲಾಸಿನಲ್ಲಿ ಟೀಚರ್ ಹೇಳಿದ್ದು ಡೆಲ್ಲಾಳಿಗೆ ನೆನಪಾಯಿತು. ಹೊಲದ ಗೊಬ್ಬರ ಮಳೆಗೆ ಕೊಚ್ಚಿಕೊಂಡು ಕೊಲ್ಲಿಗೆ ಬರುತ್ತೆ. ಅದರಿಂದ ಪಾಚಿ ಸಿಕ್ಕಾಪಟ್ಟೆ ಬೆಳೆಯುತ್ತೆ. ಸತ್ತ ಪಾಚಿ ತಳದಲ್ಲಿ ಕೊಳೆಯುವಾಗ ನೀರಿನ ಆಮ್ಲಜನಕವೆಲ್ಲ ಖಾಲಿ.

ಹೊಲದ ಗೊಬ್ಬರ! ತಮ್ಮ ದೋಣಿ ನಿಲ್ಲಿಸುವ ಕಟ್ಟೆಯ ಪಕ್ಕ ಕೊಲ್ಲಿಗೆ ಸೇರುವ ಹಳ್ಳ ಯಾರ ಹೊಲದಿಂದ ಬರುತ್ತೆ ಅನ್ನೋದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅರ್ಧ ಬೋನು ಸಾಗಿಸಿ, ಸ್ವಲ್ಪ ಸುಧಾರಿಸಿಕೊಳ್ಳಲು ದೋಣಿ ಕಟ್ಟೆಗೆ ಬಂದಾಗ ಅದೇ ಹೊಲದ ನಾರಿಸ್ ಮಾಮ, ಅಮ್ಮನ ಅಣ್ಣ, ಮೆಕ್ಕೆಜೋಳದ ತೆನೆಗಳ ಚೀಲ ಹಿಡಿದು ನಿಂತಿದ್ದ.

“ಏನ್ ಕ್ಯಾಪ್ಟನ್, ಮುಖ ಹಳೇ ಬೂಟಿನ ಥರ ಆಗಿದೆ?”

“ನಿನ್ನ ಜೋಳ ನಂಗೆ ಬೇಡ,” ಎಂದಳು ಡೆಲ್ಲಾ.

“ಅಯ್ಯೋ! ಜೋಳ ನಿಂಗೇನೇ ಮಾಡ್ತು?”

“ನಿನ್ನ ಹೊಲದ ಕೋಳಿ ಗೊಬ್ಬರದಿಂದಾನೇ ನಮ್ಮ ಏಡಿ ಸತ್ತಿದ್ದು! ಮಳೆ ಬಂದ್ರೆ ಎಲ್ಲಾ ಹಳ್ಳಕ್ಕೇ ಬರುತ್ತೆ. ನಾನೇ ನೋಡಿದೀನಿ.”

ಮಾಮನ ನಗು ನಿಂತಿತು. ಅವನು ಅಪ್ಪನ ಕಡೆ ನೋಡಿದ. “ಎಷ್ಟು ಹೋಯ್ತು?”

“ಆಳದಲ್ಲಿದ್ದಿದ್ದೆಲ್ಲ.”

ಈಗ ಅಪ್ಪನೂ ಮಾಮನಿಗೆ ಬಯ್ಯುತ್ತಾನೆ ಎಂದು ಡೆಲ್ಲಾ ಕಾದಳು. ಅಪ್ಪ ಮಾತ್ರ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕುಸಿದು ಕೂತ.

“ಡೆಲ್ಲಾ, ಈ ಸಲ ಆ ಗೊಬ್ಬರದ ಗಾಡಿ ಓಡಿಸಿದ್ದು ಯಾರು?”

ಓಡಿಸಿದ್ದು ಅಪ್ಪನೇ.

ಚಳಿಗಾಲದಲ್ಲಿ ಏಡಿಗಳು ಕೆಸರಲ್ಲಿ ಹುದುಗಿ ಮಲಗುತ್ತವೆ. ಆಗೆಲ್ಲ ಅಪ್ಪನಿಗೆ ಮಾಮನ ಕೋಳಿ ಶೆಡ್ಡಿನಲ್ಲೇ ಕೆಲಸ. ಮಾರ್ಚ್‌ನಲ್ಲಿ ಹೊಲಕ್ಕೆ ಗೊಬ್ಬರ ಎರಚುವಾಗ ಟ್ರ್ಯಾಕ್ಟರ್ ಮೇಲೆ ಅಪ್ಪನ ಪಕ್ಕ ಅವಳೂ ಕೂತಿದ್ದಳು. ಗಾಳಿಗೆ ಗೊಬ್ಬರ ಹಾರಿ ತಲೆಗೆಲ್ಲ ಮೆತ್ತಿಕೊಂಡಾಗ ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು.

“ಆದ್ರೆ... ಹೀಗಾಗುತ್ತೆ ಅಂತ ನಿಂಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು. ಚಳಿಗಾಲದಲ್ಲೂ ನಾವು ಊಟ ಮಾಡ್ಬೇಕಲ್ಲ, ಮರಿ.”

“ಹಳ್ಳದ ಪಕ್ಕ ಒಂದಿಷ್ಟು ಜಾಗ ಬಿಟ್ಟು ಎರಚೋಣ ಅಂತ ನಿಮ್ಮಪ್ಪ ಹೇಳ್ದ,” ಎಂದ ಮಾಮ. “ನಾನೇ ಕೇಳ್ಲಿಲ್ಲ. ಶೆಡ್ಡಲ್ಲಿ ಬೆಟ್ಟದಷ್ಟು ಬಿದ್ದಿತ್ತು. ಎಲ್ಲಿಗೆ ಹಾಕ್ಲಿ?”

“ನಿನ್ನೊಬ್ಬನದೇ ಅಲ್ಲ ಬಿಡು. ಮೇಲಿನ ಹೊಲಗಳದ್ದೆಲ್ಲಾ ಇಲ್ಲಿಗೇ ಬರುತ್ತೆ,” ಎಂದ ಅಪ್ಪ.

ಮಾಮನ ಕಣ್ಣೂ ಅಪ್ಪನ ಕಣ್ಣಿನಂತೆಯೇ ನಿದ್ದೆಯಿಲ್ಲದೆ ಕೆಂಪಾಗಿರುವುದನ್ನು ಡೆಲ್ಲಾ ಈಗ ಗಮನಿಸಿದಳು.

ಮಾಮ ಕೇಳಿದ, “ಇನ್ನೂ ಬೋನು ಎತ್ತೋದಿದ್ಯಾ?”

“ಅರ್ಧ ಉಳಿದಿದೆ.”

“ನಾನೂ ಬರ್ತೀನಿ.”

“ನಿನ್ನ ಕೋಳಿಗಳು?”

“ಅವಕ್ಕೇನು, ಸಂಜೆವರೆಗೂ ಬಯ್ಕೊಂಡಿರ್ತಾವೆ.”

ಮಾಮ ದೋಣಿಗೆ ಕಾಲಿಟ್ಟ. ಅದು ಓಲಾಡಿದ್ದೇ ತಡ, ಬೆದರಿ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಬೇರೆ ದಿನವಾಗಿದ್ದರೆ ಡೆಲ್ಲಾ ಕಿಸಕ್ಕೆಂದು ನಗುತ್ತಿದ್ದಳು.

ಅವಳ ಸಿಟ್ಟು ಇನ್ನೂ ಹೋಗಿರಲಿಲ್ಲ. ಆದರೆ ಅದನ್ನು ಯಾರ ಮೇಲೆ ತೋರಿಸುವುದೋ ತಿಳಿಯಲಿಲ್ಲ. ಅಪ್ಪ ಎಂಜಿನ್ ಚಾಲೂ ಮಾಡಿದ. ಡೆಲ್ಲಾ ಕೂತಿದ್ದ ಹಲಗೆಯ ತುದಿಗೆ ಸರಿದು, ಮಾಮನಿಗೆ ಜಾಗ ಮಾಡಿಕೊಟ್ಟಳು.