ದೋಣಿ ಚಿತ್ರದ ಕೊನೆಯ ಮಾತು

ಮಾಗಿಯ ಚಳಿ ಊರಿನ ಮೇಲೆ ಗಟ್ಟಿಯಾಗಿ ಕೂತಿದ್ದ ಕಾಲ. ಮಧ್ಯಾಹ್ನದ ಆಟಕ್ಕೆ ಇನ್ನೂ ಗಂಟೆ ಬಾರಿಸಿರಲಿಲ್ಲ. ಚಿತ್ರಮಂದಿರದ ಇಕ್ಕಟ್ಟಾದ ಮೆಟ್ಟಿಲ ತಿರುವಿನಲ್ಲಿ, ಓಡಿ ಬಂದ ಹುಡುಗಿಯೊಬ್ಬಳು ಎದುರಿಗಿದ್ದವನಿಗೆ ಡಿಕ್ಕಿ ಹೊಡೆದಳು.

ಧಡ್!

ಅವನ ಕೈಯಲ್ಲಿದ್ದ ರೀಲಿನ ಡಬ್ಬ ಜಾರಿ, ಮೆಟ್ಟಿಲು ಮೆಟ್ಟಿಲಿಗೂ ಕುಣಿದು, ಕೆಳಗಿದ್ದ ಟಿಕೆಟ್ ಕೋಣೆಯ ಬಾಗಿಲಿಗೆ ಬಡಿದು ನಿಂತಿತು.

ಬಾಗಿಲು ತೆರೆಯಿತು. ಡಬ್ಬ ಎತ್ತಿಕೊಂಡ ಹೆಂಗಸು ತಲೆಯೆತ್ತಿ ನೋಡಿದಳು. ಮೇಲೆ ನಿಂತವನೂ ನೋಡಿದ. ಇಬ್ಬರ ಮುಖವೂ ಬಿಳಿಚಿಹೋಯಿತು...

"ಗುಬ್ಬಿ, ಇದನ್ನ ಅವರಿಗೆ ಕೊಡು. ಪೆಟ್ಟಾಯ್ತಾ ಕೇಳು," ಎಂದಳು ಹೆಂಗಸು, ಗೋಡೆ ನೋಡುತ್ತ.

"ಏನೂ ಆಗಿಲ್ಲ ಅಂತ ನಿಮ್ಮತ್ತೆಗೆ ಹೇಳು," ಎಂದ ಅವನು, ಅದೇ ಗೋಡೆ ನೋಡುತ್ತ.

'ಅಯ್ಯೋ! ಇವರಿಬ್ಬರಿಗೂ ಬಾಯಿಲ್ವಾ? ನಾನೇನು ಪೋಸ್ಟ್‌ಮ್ಯಾನಾ?' ಎಂದುಕೊಂಡಳು ಗುಬ್ಬಿ.

ಗುಬ್ಬಿ ಎಂಬುದು ಮನೆಯವರು ಕರೆಯುವ ಹೆಸರು. ಹದಿನಾರರ ಹುಡುಗಿ. ಆ ವರ್ಷದ ಮಳೆಗಾಲದಲ್ಲಿ ಅವಳ ಅಮ್ಮ ತೀರಿಕೊಂಡಿದ್ದಳು. ಖಾಲಿ ಮನೆಯಲ್ಲಿ ಮಗಳು ಗೋಡೆ ನೋಡುತ್ತ ಕೂರುವುದನ್ನು ಸಹಿಸಲಾರದೆ, ಚಳಿಗಾಲದ ರಜೆ ಬಿಟ್ಟೊಡನೆ ಅಪ್ಪ ಅವಳನ್ನು ತನ್ನ ತಂಗಿಯ ಬಳಿ ಕಳಿಸಿದ್ದ. ಅಮ್ಮ ಹೋದ ಮೇಲೆ ಗುಬ್ಬಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಎಲ್ಲರೂ ಗಟ್ಟಿಗಿತ್ತಿ ಅಂದರು. ಒಳಗೆ ಏನೋ ಹೆಪ್ಪುಗಟ್ಟಿದೆ ಎಂದು ಅವಳಿಗೆ ಮಾತ್ರ ಗೊತ್ತಿತ್ತು.

ಅತ್ತೆಗೆ ಮದುವೆಯಾಗಿರಲಿಲ್ಲ. ಟಿಕೆಟ್ ಕಿಟಕಿಯ ಹಿಂದೆ ಕೂತು ಕೂತೇ ಅವಳ ಕಿವಿಯ ಬಳಿಯ ಕೂದಲು ಬೆಳ್ಳಗಾಗಿತ್ತು. ಮೇಲಿನ ಕ್ಯಾಬಿನ್‌ನಲ್ಲಿ ಸಿನಿಮಾ ಓಡಿಸುವವನನ್ನು ಎಲ್ಲರೂ ಆಪರೇಟರ್ ಅನ್ನುತ್ತಿದ್ದರು. ಅವನೂ ಒಂಟಿ.

ಮರುದಿನ ಬೆಳಿಗ್ಗೆ ತಲೆ ಬಾಚುವಾಗ ಗುಬ್ಬಿ ಕೆಣಕಿದಳು.

"ಅತ್ತೆ, ಆಪರೇಟರ್ ಮಾಮನ ಜೊತೆ ಠೂ ಬಿಟ್ಟಿದ್ದೀಯಾ?"

"ಸುಮ್ನೆ ಕೂತ್ಕೋ. ಜಡೆ ಸೊಟ್ಟ ಆಗುತ್ತೆ."

"ಸೊಟ್ಟ ಆಗ್ಲಿ. ಹೇಳು!"

ಬಾಚಣಿಗೆ ನಿಂತಿತು. ಅತ್ತೆ ಬಾಯಿಬಿಟ್ಟಳು.

"ನೀನಾಗ ತೊಟ್ಟಿಲಲ್ಲಿದ್ದೆ. ದೋಣಿ ಚಿತ್ರ ಓಡ್ತಿತ್ತು. ಅಂಬಿಗ ಸತ್ತ ಮೇಲೆ ಅವನ ಮಗಳೇ ಹುಟ್ಟು ಹಿಡಿಯೋ ಕಥೆ. ಅವಳನ್ನ ಇಷ್ಟಪಡೋ ಮೇಷ್ಟ್ರು ಕೊನೇಲಿ, ನನ್ ಜೊತೆ ಬರ್ತೀಯಾ ಅಂತ ಕೇಳ್ತಾನೆ. ಆ ಚಿತ್ರದ ಕೊನೇ ದಿನ ಇವರು ಕೆಳಗೆ ಬಂದು, ಕಿಟಕೀಲಿ ಮುಖ ಇಟ್ಟು, ಮೇಷ್ಟ್ರು ಕೇಳಿದ್ದನ್ನೇ ನಾನು ಕೇಳಿದ್ರೆ ಅಂದ್ರು..."

"ನೀನೇನಂದೆ?"

"ಅವಳ ಉತ್ತರವೇ ನನ್ನ ಉತ್ತರ ಅಂದೆ." ಅತ್ತೆಯ ದನಿ ಸಣ್ಣಗಾಯಿತು. "ಆಗ ನಿಮ್ಮಜ್ಜಿ ಹಾಸಿಗೆ ಹಿಡಿದಿದ್ರು. ನನಗೆ ಬೇರೆ ಮಾತೇ ಬೇಕಿರಲಿಲ್ಲ. ಅವರು ತಲೆ ತಗ್ಗಿಸಿ ಮೆಟ್ಟಿಲು ಹತ್ತಿದ್ರು. ಕಾಯ್ತಾರೆ ಅಂದ್ಕೊಂಡೆ. ಅಜ್ಜಿ ಹೋದಾಗ ಬಂದು ಮೂಲೇಲಿ ನಿಂತಿದ್ರು. ಒಂದು ಮಾತಾಡಲಿಲ್ಲ. ಕಾದು ಬೇಸತ್ತಿರಬೇಕು... ಬಿಡು. ಈಗ ಕಣ್ಣಿನ ದೃಷ್ಟಿ ಹೋಗ್ತಿದೆಯಂತೆ. ಮಿಷನ್ನಿನ ಆ ಬೆಂಕಿ ಬೆಳಕು ನೋಡಿ ನೋಡಿ ಸುಟ್ಟುಹೋಗಿದೆ. ಭಾನುವಾರ ಕೆಲಸ ಬಿಟ್ಟು ತಮ್ಮನ ಊರಿಗೆ ಹೋಗ್ತಾರೆ. ಹೋಗೋ ಮುಂಚೆ ಒಂದು ವಾರ ದೋಣಿ ಚಿತ್ರ ಹಾಕಿ ಅಂತ ಸಾಹುಕಾರರನ್ನ ಕೇಳ್ಕೊಂಡಿದ್ದಾರೆ."

'ಅದೇ ಚಿತ್ರ ಯಾಕೆ?' ಗುಬ್ಬಿಯ ಎದೆಯಲ್ಲಿ ಮುಳ್ಳು ಮುರಿದಂತಾಯಿತು.

ಶುಕ್ರವಾರದ ಮಧ್ಯಾಹ್ನ ಅವಳು ಕತ್ತಲೆಯಲ್ಲಿ ಒಬ್ಬಳೇ ಕೂತು ದೋಣಿ ಚಿತ್ರ ನೋಡಿದಳು. ಪರದೆಯ ಮೇಲೆ ಅಪ್ಪನಿಲ್ಲದ ಹುಡುಗಿ, ಅವನ ಹುಟ್ಟನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅಳುತ್ತಲೇ ದೋಣಿ ಹತ್ತಿದಳು. ನಕ್ಕವರೆದುರು, ಉಕ್ಕುವ ನೀರಿನಲ್ಲಿ, ಊರಿನ ಕಾಯಿಲೆಯ ಮಕ್ಕಳನ್ನು ಒಬ್ಬೊಬ್ಬರಾಗಿ ದಾಟಿಸಿದಳು.

'ಗಟ್ಟಿಗಿತ್ತಿ ಅಂದ್ರೆ ಅಳದೇ ಇರೋಳು ಅಂತಲ್ಲ. ಅಳ್ತಾ ಇದ್ರೂ ಹುಟ್ಟು ಹಾಕೋಳು!'

ಮಳೆಗಾಲದಿಂದ ಹೆಪ್ಪುಗಟ್ಟಿದ್ದದ್ದು ಒಡೆಯಿತು. "ಅಮ್ಮಾ..." ಎಂದು ಮುಂದಿನ ಕುರ್ಚಿಯ ಬೆನ್ನಿಗೆ ಹಣೆಯಿಟ್ಟು ಗುಬ್ಬಿ ಬಿಕ್ಕಿ ಬಿಕ್ಕಿ ಅತ್ತಳು.

ದೀಪ ಹತ್ತಿದಾಗ ಅವಳಿಗೆ ಯಾರಿಗಾದರೂ ಹೇಳಿಕೊಳ್ಳಲೇಬೇಕು ಅನ್ನಿಸಿತು. ಟಿಕೆಟ್ ಕಿಟಕಿಯಲ್ಲಿ ಮುಂದಿನ ಆಟದ ಸಾಲು. ಮೇಲೆ ಓಡಿದಳು.

"ಮಾಮ! ದೋಣಿ ಹುಡುಗಿ ಆಮೇಲೆ ವಾಪಸ್ ಬಂದಿರ್ತಾಳೆ ಅಲ್ವಾ? ಮೇಷ್ಟ್ರು ಕಾದಿರ್ತಾರೆ ಅಲ್ವಾ?"

ಆಪರೇಟರ್ ರೀಲು ಸುತ್ತುತ್ತಿದ್ದ. ಕಣ್ಣು ಕಿರಿದು ಮಾಡಿ ಅವಳತ್ತ ತಿರುಗಿದ.

"ಯಾರು ಬರೋದು ಪುಟ್ಟಿ? ಅವಳು ತಲೆ ಅಲ್ಲಾಡಿಸಿ, ಬೆನ್ನು ತಿರುಗಿಸಿ ಹೋಗಿಬಿಡ್ತಾಳೆ. ಎಷ್ಟು ಸಲ ನೋಡಿದ್ದೀನಿ."

"ಹೋಗ್ತಾ ಹೇಳ್ತಾಳಲ್ಲ ಮಾಮ! ಆ ದಡದಲ್ಲಿ ಇನ್ನೊಂದು ಜೀವ ಕಾಯ್ತಿದೆ, ದಾಟಿಸಿ ಬರ್ತೀನಿ, ನೀವು ಇಲ್ಲೇ ಇರಿ ಅಂತ! ಮುಖ ಕಾಣಲ್ಲ, ದನಿ ಮಾತ್ರ ಕೇಳಿಸುತ್ತೆ."

ಅವನ ಕೈಯಿಂದ ರೀಲು ಜಾರಿತು.

"ಏನಂದೆ... ಇನ್ನೊಂದು ಸಲ ಹೇಳು."

ಗುಬ್ಬಿ ಹೇಳಿದಳು. ಹೇಳುತ್ತಲೇ ಸುತ್ತ ನೋಡಿದಳು. ದಪ್ಪ ಗಾಜಿನ ಪುಟ್ಟ ಕಿಂಡಿ. ಎಂದೋ ಕೆಟ್ಟು ಮೂಕವಾಗಿ ನೇತಾಡುವ ಸ್ಪೀಕರ್. ಶುರುವಾದರೆ ಹಿಟ್ಟಿನ ಗಿರಣಿಯಂತೆ ಅಬ್ಬರಿಸುವ ಮಿಷನ್. ಈ ಕೋಣೆಯಲ್ಲಿ ಇದ್ದವನು ಸಿನಿಮಾ ನೋಡಬಲ್ಲ... ಕೇಳಲಾರ! ಕೆಳಗಿನ ಕೋಣೆಯಲ್ಲಿದ್ದವಳು ಗೋಡೆಯಾಚೆಯಿಂದ ಪ್ರತಿ ಮಾತನ್ನೂ ಕೇಳಬಲ್ಲಳು... ನೋಡಲಾರಳು!

ಒಂದೇ ಚಿತ್ರ. ಇಬ್ಬರಿಗೂ ಅರ್ಧರ್ಧ.

"ನಾನು... ಅವಳು ಬೇಡ ಅಂದಳು ಅಂದ್ಕೊಂಡೆ," ಎಂದು ಅವನು ಡಬ್ಬದ ಮೇಲೆ ಕುಸಿದು ಕೂತ. "ಬೇಡ ಅಂದವಳ ಎದುರು ಮತ್ತೆ ಹೇಗಮ್ಮಾ ನಿಲ್ಲೋದು?"

ಗುಬ್ಬಿ ಮೆಟ್ಟಿಲು ಹಾರಿ ಹಾರಿ ಕೆಳಗಿಳಿದಳು. ಸಾಲು ಕರಗುವವರೆಗೂ ತುಟಿ ಕಚ್ಚಿ ನಿಂತು, ಆಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ಅತ್ತೆಗೆ ಹೇಳಿದಳು.

ಅತ್ತೆಗೆ ಮೊದಲು ಬಂದದ್ದು ಸಿಟ್ಟು.

"ಇಷ್ಟು ವರ್ಷ! ಬಂದು ಒಂದು ಮಾತು ಕೇಳೋಕೆ ಬಾಯಿರಲಿಲ್ವಾ ಅವರಿಗೆ?"

"ನಿನಗಿತ್ತಾ ಅತ್ತೆ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಂಜೆಯ ಆಟ ಓಡುತ್ತಿದ್ದಷ್ಟು ಹೊತ್ತೂ ಅವಳು ಹಾಗೇ ಕೂತಿದ್ದಳು. ಹೊರಗೆ ಜನ ರಾತ್ರಿಯ ಆಟಕ್ಕೆ ಸೇರತೊಡಗಿದ್ದರು. ಒಳಗೆ ಚಿತ್ರ ಕೊನೆಗೆ ಬಂದಿತ್ತು. ಅತ್ತೆ ಎದ್ದು ಕಿಟಕಿಯ ಹಲಗೆಯನ್ನು ಫಟ್ಟನೆ ಎಳೆದಳು.

"ಏ ಟಿಕೆಟ್ ಅಕ್ಕಾ! ಏನಿದು, ಅಂಗಡಿ ಮುಚ್ಚಿಬಿಟ್ರಾ?" ಹೊರಗೆ ಯಾರೋ ಕೂಗಿದರು.

"ಒಂದ್ ಗಳಿಗೆ ಇರ್ರಪ್ಪಾ. ನಾನು ಇಷ್ಟು ವರ್ಷ ಇದ್ದೀನಿ!"

ಅವಳು ಎಂದೂ ಹತ್ತದ ಮೆಟ್ಟಿಲು ಹತ್ತಿದಳು. ಗುಬ್ಬಿ ಬಾಗಿಲಲ್ಲೇ ನಿಂತಳು.

ಮಿಷನ್ ಅಬ್ಬರಿಸುತ್ತಿತ್ತು. ಆಪರೇಟರ್ ಸರಿದು ಕಿಂಡಿಯ ಬಳಿ ಜಾಗ ಬಿಟ್ಟ. ಅತ್ತೆ ಗಾಜಿಗೆ ಹಣೆ ತಾಗಿಸಿದಳು. ಪರದೆಯ ಮೇಲೆ ಆ ಹುಡುಗಿ ತಲೆ ಅಲ್ಲಾಡಿಸಿದಳು. ಬೆನ್ನು ತಿರುಗಿಸಿದಳು. ದೋಣಿ ದೂರವಾಯಿತು. ಮೇಷ್ಟ್ರು ದಡದಲ್ಲಿ ಒಬ್ಬನೇ. ಅವಳ ಮಾತಿನ ಸದ್ದೇ ಇಲ್ಲ...

"ಅಯ್ಯೋ ದೇವರೇ! ಹೀಗಾ ಕಾಣಿಸೋದು?" ಅತ್ತೆಯ ಕಣ್ಣಿಂದ ನೀರು ಧಾರೆಯಾಯಿತು. "ಇದನ್ನಾ ನಾನು ನಿಮಗೆ ಉತ್ತರ ಅಂತ ಕೊಟ್ಟಿದ್ದು?"

ಅವನಿಗೆ ಕೇಳಿಸಲಿಲ್ಲ. ಕಿವಿ ಮುಂದೆ ಮಾಡಿದ. ಅತ್ತೆ ಅವನ ಕಿವಿಗೆ ಬಾಯಿಟ್ಟು ಹೇಳಿದಳು.

"ಅಮ್ಮನ್ನ ದಾಟಿಸಿ ಬಂದಿದ್ದೀನಿ. ತಡವಾಯ್ತು..."

"ನಾನು ಇಲ್ಲೇ ಇದ್ದೆ," ಎಂದ ಅವನು. "ಮೂರ್ಖನ ಹಾಗೆ ಇಲ್ಲೇ ಇದ್ದೆ. ಆದ್ರೆ ಈಗ ನಿನ್ನ ಮುಖ ಸರಿಯಾಗಿ ಕಾಣಲ್ಲ ಕಣೇ... ಮಂಜು, ಮಂಜು. ಕುರುಡನ ಜೊತೆ ಯಾಕೆ ಬರ್ತೀಯ?"

"ಕಾಣದಿದ್ರೆ ಒಳ್ಳೇದೇ. ಕೂದಲು ನರೆತಿದೆ."

"ಗೊತ್ತು. ಕಣ್ಣು ಕಾಣ್ತಿದ್ದಾಗಲೇ ಅದನ್ನ ನೋಡಿದ್ದೀನಿ. ಮೊದಲನೇ ಎಳೆಯಿಂದ."

ಅತ್ತೆ ನಗಲು ಹೋಗಿ ಅತ್ತಳು. ಬಾಗಿಲಲ್ಲಿ ಗುಬ್ಬಿಯೂ ಅಳುತ್ತಿದ್ದಳು. ಈಗ ಅವಳಿಗೆ ಅಳು ಬರುತ್ತಿತ್ತು.

ಶನಿವಾರ ಸಂಜೆ ಗುಬ್ಬಿಯನ್ನು ಕರೆದೊಯ್ಯಲು ಅಪ್ಪ ಬಂದ. ತಂಗಿ ಮರುದಿನ ಆಪರೇಟರ್ ಜೊತೆ ಹೊರಟಿದ್ದಾಳೆ ಎಂದು ಕೇಳಿ ಅವಳ ತಲೆಯ ಮೇಲೆ ಕೈಯಿಟ್ಟ. ಆ ರಾತ್ರಿ ಗುಬ್ಬಿ ಅತ್ತೆಯನ್ನು ಬಿಗಿಯಾಗಿ ಅಪ್ಪಿ ಮಲಗಿದಳು. 'ಅಮ್ಮ ಹೋದ್ಲು. ಈಗ ಅತ್ತೆಯೂ...' ಹೋಗಬೇಡ ಎಂಬ ಮಾತನ್ನು ಅವಳು ನುಂಗಿಕೊಂಡಳು.

ಬಸ್ಸಿನ ಬಳಿ ಅತ್ತೆ ಅವಳ ಜಡೆ ನೇವರಿಸಿದಳು.

"ನಿನ್ನ ಬಿಟ್ಟು ಹೋಗ್ತಿದ್ದೀನಲ್ಲೇ ಗುಬ್ಬಿ..."

"ಹೋಗು ಅತ್ತೆ. ಈ ದಡದಲ್ಲಿ ಅಪ್ಪ ಇದ್ದಾನೆ. ಅವನನ್ನ ನಾನು ನೋಡ್ಕೋತೀನಿ."

ಬಸ್ಸು ಹೊರಟಿತು. ಅತ್ತೆ ಕಿಟಕಿಯಾಚೆ ಕಂಡದ್ದನ್ನೆಲ್ಲ ಆಪರೇಟರ್‌ನ ಕಿವಿಯಲ್ಲಿ ಹೇಳುತ್ತಿದ್ದಳು. ಅವನು ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

ಅವರಿಬ್ಬರೂ ಹೋದದ್ದು ಭಾನುವಾರ. ಗುಬ್ಬಿ, ಅಪ್ಪನ ಕೈ ಹಿಡಿದು, ಅಮ್ಮನಿಲ್ಲದ ಮನೆಗೆ ಹೊರಟದ್ದು ಸೋಮವಾರ.