ಬೊಟ್ಟಿಟ್ಟ ಹಾರ್ನ್ ರಿಂಗ್

ಎದುರಿನ ಹೂವಿನಂಗಡಿಯ ಪುಟ್ಟ ಪೇಮೆಂಟ್ ಪೆಟ್ಟಿಗೆ, ಹಣ ಬಂದಿದೆಯೆಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿತು. ಮೀನು ಗಾಳ ಕಚ್ಚಿತು! ವನಜಾ ಫೋನನ್ನು ಗಲ್ಲಾಪೆಟ್ಟಿಗೆಯ ಮೇಲೆ ಬೋರಲು ಹಾಕಿ ಒಬ್ಬಳೇ ನಕ್ಕಳು.

ಮದ್ದೂರಿನಲ್ಲಿ ಅಪ್ಪ ಶಿವರಾಮು ಇಟ್ಟಿದ್ದ ಹಳೇ ಕಾರುಗಳ ಬಿಡಿಭಾಗದ ಅಂಗಡಿಯನ್ನು ಈಗ ನಡೆಸುವವಳು ಅವಳೇ. ಆದರೆ ಈ ಮೀನಿಗೆ ಗಾಳ ಹಾಕಿದ್ದು ವನಜಾ ಅಲ್ಲ, 'ಮಳವಳ್ಳಿ ರಾಜೇಂದ್ರ'. ಹೊಸ ಸಿಮ್ಮು, ಪ್ರೊಫೈಲಿನಲ್ಲಿ ಮುಖದ ಬದಲು ಒಂದು ಗುಲಾಬಿ ಹೂವು. ಅಂಥ ಮನುಷ್ಯ ಭೂಮಿಯ ಮೇಲೆ ಎಲ್ಲೂ ಇಲ್ಲ, ವನಜಾ ಹುಟ್ಟಿಸಿದ ಹೆಸರು ಅದು. 'ಹಳೇ ಫಿಯಟ್ ಕಾರಿನ ಒರಿಜಿನಲ್ ಹಾರ್ನ್ ರಿಂಗ್ ಮಾರಾಟಕ್ಕಿದೆ' ಎಂದು ಈ ರಾಜೇಂದ್ರ ಆನ್‌ಲೈನಿನಲ್ಲಿ ಜಾಹೀರಾತು ಹಾಕಿದ್ದ. ಸ್ಟೇರಿಂಗಿನ ಒಳಗೆ ಅರ್ಧಚಂದ್ರದ ಹಾಗೆ ಹೊಳೆಯುವ, ಒತ್ತಿದರೆ ಹಾರ್ನ್ ಆಗುವ ಆ ರಿಂಗಿಗಾಗಿ ಜಿಲ್ಲೆಯೆಲ್ಲ ಅಲೆಯುತ್ತಿದ್ದವನು ಒಬ್ಬನೇ, ಮಂಡ್ಯದ ಚಲುವರಾಜು.

ಅವನು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ತಾತನ ಫಿಯಟ್ಟನ್ನು ಮತ್ತೆ ರಸ್ತೆಗಿಳಿಸಿದವನು. ಅದಕ್ಕಿಂತ ಹೆಚ್ಚಾಗಿ 'ಹಳೇ ಗಾಡಿ ಬಳಗ' ಎಂಬ ವಾಟ್ಸ್ಯಾಪ್ ಗುಂಪಿನ ಅಡ್ಮಿನ್. ಬೆಳಗಾದರೆ ಗುಂಪಿಗೆ ಅವನ ಉಪದೇಶ: ನೋಡದೆ ಅಡ್ವಾನ್ಸ್ ಹಾಕಬೇಡಿ, ವಿಡಿಯೋ ಕಾಲ್‌ಗೆ ಬರದವನನ್ನು ನಂಬಬೇಡಿ, ಹಣ ಬೇರೆಯವರ ಹೆಸರಿಗೆ ಹೋಗುತ್ತಿದ್ದರೆ ಅಲ್ಲೇ ನಿಲ್ಲಿಸಿ. ಅವನ ಮಾತು ಕೇಳಿ ಎಷ್ಟೋ ಜನ ಮೋಸದಿಂದ ತಪ್ಪಿಸಿಕೊಂಡಿದ್ದರು, ಅದು ಸುಳ್ಳಲ್ಲ.

ಅಂಥವನಿಗೇ ಟೋಪಿ ಹಾಕಿ, ಆ ಚಾಟನ್ನೆಲ್ಲ ಅವನದೇ ಗುಂಪಿಗೆ ಹಾಕಿ ಮಾನ ಕಳೆಯಬೇಕು ಎಂಬುದು ವನಜಾಳ ಹಟ. ಅದಕ್ಕೆಂದೇ ರಾಜೇಂದ್ರ ಆ ಗುಂಪಿಗೂ ಸೇರಿಕೊಂಡಿದ್ದ.

ಮೂರು ವರ್ಷದ ಹಿಂದೆ ಬಂಪರ್ ಕೇಳಿಕೊಂಡು ಅಂಗಡಿಗೆ ಬಂದ ಚಲುವರಾಜು ಆಮೇಲೆ ಏನೂ ಬೇಕಿಲ್ಲದಿದ್ದರೂ ಬರತೊಡಗಿದ. ಒಂದು ನಟ್ಟು ಕೊಳ್ಳಲು ಅರ್ಧ ಗಂಟೆ ನಿಲ್ಲುತ್ತಿದ್ದ. ಅವಳು ತಲೆಯೆತ್ತಿದರೆ ನಟ್ಟು ನೋಡುವನು, ತಲೆ ತಗ್ಗಿಸಿದರೆ ಅವಳನ್ನು ನೋಡುವನು. ಗೋಡೆಗೆ ನೇತುಹಾಕಿದ್ದ ಕಾರುಗಳ ಕನ್ನಡಿಗಳಲ್ಲಿ ಅವಳಿಗೆ ಎಲ್ಲವೂ ಕಾಣುತ್ತಿತ್ತು. ಪಾಪ, ಅದು ಅವನಿಗೆ ಗೊತ್ತಿರಲಿಲ್ಲ.

ಅಂಗಡಿಯಿಂದ ಹೊರಡುವ ಪ್ರತಿ ಸಾಮಾನಿಗೂ ವನಜಾ ಅಪ್ಪ ಕಲಿಸಿದ ಹಾಗೆ ಕುಂಕುಮದ ಬೊಟ್ಟಿಟ್ಟು, ಅದರ ಕೆಳಗೆ ಅರಿಶಿನದ ಚುಕ್ಕಿ ಇಡುತ್ತಿದ್ದಳು.

"ಕಬ್ಬಿಣಕ್ಕೂ ಬೊಟ್ಟಾ? ಇದೇನ್ ಮದ್ವೆ ಹೆಣ್ಣಾ?" ಎಂದು ಅವನು ರೇಗಿಸಿದ್ದ.

"ಊಂ ಮತ್ತೆ, ಗಂಡನ್ ಮನೇಗ್ ಓಯ್ತಾ ಅದೆ. ಬರೀ ಅಣೇಲಿ ಕಳ್ಸಕಾಯ್ತದಾ?"

"ನೀನ್ ಯಾವಾಗ ಹೋಗೋದು?"

ಅವಳು ಬೋಲ್ಟುಗಳನ್ನು ಎಣಿಸತೊಡಗಿದಳು. ಲೆಕ್ಕ ತಪ್ಪಿತು. ಅವನು ನಕ್ಕ. ಹಾಗೆ ನಗುತ್ತಲೇ ಒಂದು ದಿನ ಮದುವೆಯಾಗೋಣವಾ ಎಂದು ಕೇಳಿದ, ಅವಳು ಊಂ ಅಂದಳು.

ಅದಾದ ಸ್ವಲ್ಪ ದಿನಕ್ಕೆ ಅವನ ಭಾವ ಅಶೋಕ್ ಎದುರಿನ ಹೂವಿನ ದೇವಿರಮ್ಮನ ಹತ್ತಿರ ಬಂದು ಕೂತ. ಹುಡುಗಿ ಹೇಗೆ, ಹಿಂದೆ ಯಾರ ಜೊತೆಗಾದರೂ ಓಡಾಟ ಇತ್ತಾ, ಅಂಗಡಿಗೆ ಬರುವ ಗಂಡಸರ ಜೊತೆ ಹೇಗಿರುತ್ತಾಳೆ ಎಂದೆಲ್ಲ ಕೇಳಿದ. ಕಳಿಸಿದ್ದು ಚಲುವರಾಜುವೇ.

"ಸೆಕೆಂಡ್ ಹ್ಯಾಂಡ್ ಗಾಡಿ ವಿಚಾರಿಸ್ದಂಗೆ ವಿಚಾರಿಸ್ದ ಕಣವ್ವಾ ನಿನ್ನ," ಎಂದು ದೇವಿರಮ್ಮ ಮಾಲೆ ಕಟ್ಟುತ್ತಲೇ ಹೇಳಿದಳು.

ಆ ಮಾತು ವನಜಾಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಅವತ್ತೇ ಅವನ ನಂಬರು ಬ್ಲಾಕ್ ಆಯಿತು. ಅವನು ಬಂದಾಗಲೆಲ್ಲ ಶಟರ್ ಕೆಳಗಿಳಿಯಿತು. ಬೆಂಗಳೂರಿನ ಗುಜರಿಯಲ್ಲೆಲ್ಲ ಜಾಲಾಡಿ ತಂದು, ಹೊಳಪು ಕೊಡಿಸಿ, ಅವನ ಹುಟ್ಟುಹಬ್ಬಕ್ಕೆಂದು ಎತ್ತಿಟ್ಟಿದ್ದ ಹಾರ್ನ್ ರಿಂಗ್ ಬೀರುವಿನಲ್ಲೇ ಉಳಿಯಿತು. ಈಗ ಅದೇ ರಿಂಗು ಗಾಳದ ಹುಳುವಾಗಿತ್ತು.

'ಹೊಸ ಫೋಟೋ ಬೇಕು. ಪಕ್ಕದಲ್ಲಿ ಒಂದು ನಿಂಬೆಹಣ್ಣು ಇಟ್ಟು ಕಳಿಸಿ' ಎಂದು ಚಲುವರಾಜು ಬರೆದಿದ್ದ. ಎಲ್ಲಿಂದಲೋ ಕದ್ದ ಫೋಟೋದಲ್ಲಿ ನಿಂಬೆಹಣ್ಣು ಎಲ್ಲಿಂದ ಬರಬೇಕು? ಭಾರೀ ಬುದ್ಧಿವಂತ ಎಂದು ಹಲ್ಲು ಕಡಿಯುತ್ತ, ಅಂಗಡಿಯ ಗುರುತು ಸಿಗದ ಹಾಗೆ ಗೋಣಿಚೀಲ ಹಾಸಿ, ರಿಂಗನ್ನು ಒರೆಸಿ, ನಿಂಬೆಹಣ್ಣಿಟ್ಟು ಫೋಟೋ ಕಳಿಸಿದಳು. ತುಂಬಾ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಬಂದದ್ದು ಒಂದೇ ಸಾಲು: 'ಅಡ್ವಾನ್ಸ್ ಎಷ್ಟು ಹಾಕಲಿ ಸಾರ್?'

ವಿಡಿಯೋ ಕಾಲ್ ಕೇಳಲಿಲ್ಲ, ಚೌಕಾಶಿ ಮಾಡಲಿಲ್ಲ. ತನ್ನ ಹೆಸರು ಬಯಲಾಗದಿರಲೆಂದು ಅವಳು ದೇವಿರಮ್ಮನ ಅಂಗಡಿಯ ಕ್ಯೂಆರ್ ಕಳಿಸಿದರೆ, ರಾಜೇಂದ್ರನ ದುಡ್ಡು ದೇವಿರಮ್ಮನಿಗೇಕೆ ಎಂದೂ ಕೇಳಲಿಲ್ಲ. ಇವನಿಗೇನು ತಲೆ ಕೆಟ್ಟಿದೆಯಾ ಎಂದು ವನಜಾಳಿಗೇ ಗಾಬರಿಯಾಯಿತು. ಆದರೂ ರಾಜೇಂದ್ರ ಬಿಡಲಿಲ್ಲ. 'ನಾಳೆ ಮಳವಳ್ಳಿ ಬಸ್ ಸ್ಟ್ಯಾಂಡ್ ಹತ್ರ ಬನ್ನಿ ಸಾರ್.'

ಮಾರನೆಯ ದಿನ ಅವನು ಬಿಸಿಲಲ್ಲಿ ಒಣಗುವುದನ್ನು ಕಣ್ಣಾರೆ ನೋಡಲು ಅವಳು ಮೊದಲೇ ಬಸ್ಸು ಹತ್ತಿ ಬಂದು, ಎದುರಿನ ಹೋಟೆಲಿನ ಮೂಲೆಯಲ್ಲಿ ಕಾಫಿ ಹಿಡಿದು ಕೂತಿದ್ದಳು. ಕೆನೆಬಣ್ಣದ ಫಿಯಟ್ ಬಂತು. ಹಾರ್ನ್ ಇಲ್ಲದ ಗಾಡಿ, ಕಿಟಕಿಯಿಂದ ಕೈ ಹೊರಹಾಕಿ ಬಾಗಿಲು ಬಡಿಯುತ್ತ, "ಅಣ್ಣಾ ಜರುಗಿ, ಅಮ್ಮಾ ಜರುಗಿ," ಎಂದು ಕೂಗುತ್ತಲೇ ಚಲುವರಾಜು ಬಂದ. ಅವಳು ಒಮ್ಮೆ ಚೆನ್ನಾಗಿದೆ ಎಂದಿದ್ದ ನೀಲಿ ಶರ್ಟು ಹಾಕಿದ್ದ. ಹಾಳಾದವನು, ಇನ್ನೂ ಚೆನ್ನಾಗಿಯೇ ಕಾಣುತ್ತಿದ್ದ.

'ಐದು ನಿಮಿಷ ಸಾರ್, ಬಂದೆ' ಎಂದು ಬರೆದಳು.

'ಪರವಾಗಿಲ್ಲ, ಇರ್ತೀನಿ.'

ಮತ್ತೆ ಐದು ನಿಮಿಷ, ಮತ್ತೆ ಇರ್ತೀನಿ. ಅವನ ಬೆನ್ನ ಮೇಲೆ ಶರ್ಟು ಒದ್ದೆಯಾಯಿತು. ಮೊದಲು ಅವಳಿಗೆ ಖುಷಿಯಾಯಿತು. ಆಮೇಲೆ ಕಾಫಿ ಕುಡಿಯುವುದನ್ನೇ ನಿಲ್ಲಿಸಿದಳು. ನೆರಳಿಗಾದರೂ ಹೋಗಬಾರದಾ ಎಂದು ಮನಸ್ಸಿನಲ್ಲೇ ಬೈಯುತ್ತಿರುವಾಗ ಅವನು ರಸ್ತೆ ದಾಟಿ, ನೇರವಾಗಿ ಅವಳ ಟೇಬಲಿಗೇ ಬಂದು, ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು ಅವಳ ಮುಂದಿಟ್ಟ.

"ನಮಸ್ಕಾರ ರಾಜೇಂದ್ರ ಸಾರ್."

ವನಜಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಎಂಗ್ ಗೊತ್ತಾಯ್ತು?"

"ಫೋಟೋದಲ್ಲಿದ್ದ ರಿಂಗಿಗೆ ನೀನ್ ಬೊಟ್ಟಿಟ್ಟಿದ್ದೆ. ಕೆಳಗೆ ಅರಿಶಿನದ ಚುಕ್ಕಿನೂ."

ಅವಳು ಹಣೆ ಚಚ್ಚಿಕೊಂಡಳು. ರಿಂಗು ಒರೆಸಿದ ಕೈ ತನ್ನಷ್ಟಕ್ಕೇ ಕುಂಕುಮದ ಬಟ್ಟಲಿಗೆ ಹೋಗಿತ್ತು. ಮೋಸದ ಮಾಲಿಗೂ ಬೊಟ್ಟಿಟ್ಟು ಕಳಿಸುವ ಕಳ್ಳಿ ಜಿಲ್ಲೆಯಲ್ಲಿ ಇವಳೊಬ್ಬಳೇ ಇರಬೇಕು.

"ಗೊತ್ತಿದ್ದೂ ದುಡ್ ಹಾಕ್ದಾ?"

"ಹಾಕ್ದೆ."

"ಗೊತ್ತಿದ್ದೂ ಬಿಸ್ಲಲ್ ನಿಂತಿದ್ದಾ?"

"ಗಾಡಿ ಕನ್ನಡೀಲಿ ನೀನು ಕಾಣ್ತಿದ್ದೆ. ಎರಡು ವರ್ಷ ಆಗಿತ್ತಲ್ಲ ನೋಡಿ."

ಅವಳ ಕಿವಿ ಬಿಸಿಯಾಯಿತು. ಅಷ್ಟು ಜೋಪಾನವಾಗಿ ಸಾಕಿದ ಸೇಡು ಹೀಗೆ ಕೈ ಜಾರುವುದನ್ನು ಕಂಡು ಅಳುವೂ ಬಂತು, ಸಿಟ್ಟೂ ಬಂತು.

"ನಾನೇನ್ ಹಳೇ ಗಾಡಿನಾ, ಬೀದೀಲ್ ಕೂತ್ಕಂಡ್ ವಿಚಾರ್ಸಕ್ಕೆ? ಏನ್ ಕೇಳ್ಬೇಕಿತ್ತೋ ನನ್ನೇ ಕೇಳಕ್ಕೆ ಬಾಯಿರ್ನಿಲ್ವಾ ನಿಂಗೆ?"

"ಧೈರ್ಯ ಇರಲಿಲ್ಲ. ಎಲ್ಲನೂ ಚೆಕ್ ಮಾಡೋ ಬುದ್ಧಿ ನಂದು. ನಿನ್ನನ್ನ ಹಂಗೆ ನೋಡಬಾರದಿತ್ತು. ತಪ್ಪಾಯ್ತು ವನಜಾ."

"ತಪ್ಪಾಯ್ತು ಅಂದ್ಬುಟ್ರೆ ಮುಗ್ದೋಯ್ತಾ? ನಿನ್ ಗುಂಪ್ಗೆ ಹಾಕ್ತೀನಿ. ನಿನ್ ಬಂಡವಾಳ ಎಲ್ರೂ ನೋಡ್ಲಿ."

"ಹಾಕು."

ಅವಳು ಟೈಪ್ ಮಾಡತೊಡಗಿದಳು. ನಡುವೆ ಒಮ್ಮೆ ನಿಲ್ಲಿಸಿ ಅವನ ಒದ್ದೆ ಕಾಲರ್ ನೋಡಿದಳು. ಬರೆದದ್ದನ್ನೆಲ್ಲ ಅಳಿಸಿ, ತುಟಿ ಕಚ್ಚಿಕೊಂಡು ಮತ್ತೆ ಬರೆದಳು. ಆಮೇಲೆ ಫೋನನ್ನು ಅವನ ಮುಂದೆ ತಳ್ಳಿ, ಒತ್ತಬೇಕಾದ ಜಾಗದ ಪಕ್ಕ ಬೆರಳಿಟ್ಟಳು.

"ನಿನ್ ಕೈಯಾರೆ ನೀನೇ ಕಳ್ಸು."

ಎಲ್ಲವನ್ನೂ ಎರಡೆರಡು ಸಲ ಓದುವ ಆ ಮನುಷ್ಯ ಫೋನಿನ ಕಡೆ ಕಣ್ಣು ಇಳಿಸಲೇ ಇಲ್ಲ. ಅವಳನ್ನೇ ನೋಡುತ್ತ ಅವಳ ಬೆರಳ ಪಕ್ಕ ತಡವಿ ಒತ್ತಿಬಿಟ್ಟ.

"ಓದ್ನಿಲ್ವಾ?" ಅವಳ ದನಿ ಸಣ್ಣಗಾಗಿತ್ತು.

"ನೀನ್ ಬರ್ದಿರೋದು ತಾನೇ."

ಅವನ ಜೇಬಿನಲ್ಲಿ ಫೋನು ಒಂದೇ ಸಮನೆ ಗುರುಗುಟ್ಟತೊಡಗಿತು. ಈಗ ತೆಗೆದು ಓದಿದ: 'ಬಳಗದ ಗಮನಕ್ಕೆ. ನಿಮ್ಮ ಅಡ್ಮಿನ್ ಚಲುವರಾಜು ಯಾರನ್ನೂ ವಿಚಾರಿಸದೆ ಮದ್ದೂರಿನ ವನಜಾಳನ್ನು ಮದುವೆಯಾಗಲು ಒಪ್ಪಿದ್ದಾರೆ. ಒಮ್ಮೆ ಕೊಂಡ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.'

ಅವನು ಓದಿದ. ನಂಬದೆ ಇನ್ನೊಮ್ಮೆ ಓದಿದ. ಕಣ್ಣು ತುಂಬಿಕೊಂಡಿತು.

"ಪ್ರೀತಿ ಗೀತಿ ಅನ್ಕಬೇಡ," ಎಂದಳು ವನಜಾ, ತನ್ನ ಕಣ್ಣನ್ನೂ ಸೆರಗಿನಲ್ಲಿ ಒತ್ತಿಕೊಳ್ಳುತ್ತ. "ಇದು ಸೇಡು ಕಣ್ಲಾ. ಜೀವ ಇರೋಗಂಟ ತೀರಿಸ್ಕತೀನಿ."

"ತೀರಿಸ್ಕೋ. ನಾನು ಕೊಟ್ಟ ಅಡ್ವಾನ್ಸು?"

"ದೇವಿರಮ್ಮನ್ತಾವ ಅದೆ. ಮದ್ವೆ ಹೂವಿಗಾಯ್ತು ಬುಡು."

ಕೊಡುವುದಿಲ್ಲವೆಂದುಕೊಂಡೇ ತಂದಿದ್ದ ರಿಂಗು ಅವಳ ಬ್ಯಾಗಿನಲ್ಲೇ ಇತ್ತು. ಅದನ್ನು ಕೂರಿಸುವ ಸಾಮಾನೆಲ್ಲ ಅಂಗಡಿಯಲ್ಲಿತ್ತು. ಹಾಗಾಗಿ ಬೊಟ್ಟಿಟ್ಟ ರಿಂಗನ್ನು ಮಡಿಲಲ್ಲಿಟ್ಟುಕೊಂಡು ಅವನ ಪಕ್ಕದ ಸೀಟಿನಲ್ಲಿ ಕೂತಳು. ಊರು ದಾಟುವಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆ ತುಂಬಾ ಹೋಗುತ್ತಿತ್ತು. ಚಲುವರಾಜು ಬಾಗಿಲು ಬಡಿಯಲು ಕೈಯೆತ್ತಿದ. ಅಷ್ಟರಲ್ಲಿ ವನಜಾ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಎರಡು ವರ್ಷ ನುಂಗಿಕೊಂಡಿದ್ದ ಸಿಟ್ಟನ್ನೆಲ್ಲ ಸೇರಿಸಿ ಕೂಗಿದಳು.

"ಲೇ, ಸೈಡ್ ಬುಡ್ಲಾ!"

ಟ್ರ್ಯಾಕ್ಟರು ಬೆದರಿ ಪಕ್ಕಕ್ಕೆ ಸರಿಯಿತು. ಮದ್ದೂರು ಮುಟ್ಟುವವರೆಗೂ ಆ ಕಾರಿಗೆ ಬೇರೆ ಹಾರ್ನ್ ಬೇಕಾಗಲಿಲ್ಲ.