ಕುಕ್ಕರಿನೊಳಗಿನ ಕಿವಿ

"ನಿಮ್ಮ ಪಾಸ್‌ವರ್ಡ್‌ನಲ್ಲಿ ಹನ್ನೆರಡು ಅಕ್ಷರ. ಎಂಟನೆಯದಕ್ಕೆ ಮುಂಚೆ ಸ್ವಲ್ಪ ಯೋಚಿಸ್ತೀರಿ."

ನಿಹಾರಿಕಾಳ ಬೆರಳುಗಳು ಕೀಬೋರ್ಡಿನ ಮೇಲೆಯೇ ನಿಂತುಬಿಟ್ಟವು.

ಅಮೆರಿಕದ ಸ್ಯಾನ್ ರಮೋನ್‌ನ ಹೊಸ ಅಪಾರ್ಟ್‌ಮೆಂಟಿನಲ್ಲಿ ಅಂದು ಅವಳು ಹಾಲುಕ್ಕಿಸಿದ್ದಳು. ನಡುವೆ ಆಫೀಸಿನಿಂದ ತುರ್ತು ಕರೆ ಬಂದು ಲ್ಯಾಪ್‌ಟಾಪ್ ತೆರೆದಿದ್ದಳು. ಯಾರದೋ ಜೊತೆ ಬಂದು, ಬಾಗಿಲಿಗೆ ಒರಗಿ ಮಾತಾಡಿದ ಅಪರಿಚಿತ ಮಾತ್ರ ಪುಳಿಯೋಗರೆಯಿಂದ ಕಣ್ಣೆತ್ತಿರಲಿಲ್ಲ.

"ಕದ್ದು ನೋಡಿದ್ರಾ?"

"ಇಲ್ಲ, ಕೇಳಿಸಿತು. ಮೃದಂಗ ನುಡಿಸ್ತೀನಿ. ಹೊಟ್ಟೆಪಾಡಿಗೆ ಸಾಂಟಾ ಕ್ಲಾರಾದಲ್ಲಿ ಸೆಕ್ಯೂರಿಟಿ ಇಂಜಿನಿಯರ್. ಅಭಿರಾಮ್."

ಅವಳಿಗೆ ಭಯವಾಯಿತು. ಆಮೇಲೆ, ಯಾಕೋ, ನಗು ಬಂತು.

ಅವನು ತಂದಿದ್ದ ಉಡುಗೊರೆ ಒಂದು ಫೋಟೋ ಫ್ರೇಮು. ಬಾಯಲ್ಲಿ ಹೇಳಿದರೆ ಚಿತ್ರ ಬದಲಾಯಿಸುವಂಥದ್ದು. ಅಕೌಂಟು ಗಿಕೌಂಟು ಏನೂ ಕೇಳದೆ ಶುರುವಾಯಿತಲ್ಲ ಎಂದು ಖುಷಿಪಟ್ಟು ಅದನ್ನು ಕೀಬೋರ್ಡಿನ ಪಕ್ಕದಲ್ಲೇ ಇಟ್ಟಳು. ಲ್ಯಾಪ್‌ಟಾಪಿನ ಕ್ಯಾಮೆರಾಗೆ ಬಿಂದಿ ಅಂಟಿಸಿ ಮುಚ್ಚಿದ್ದ ಜಾಗರೂಕ ಹೆಣ್ಣು ಅವಳು. ಕಣ್ಣುಗಳನ್ನು ಮುಚ್ಚಿದ್ದಳು. ಕಿವಿಗಳ ಯೋಚನೆ ಬರಲಿಲ್ಲ.

ನಾಲ್ಕು ತಿಂಗಳು ಪ್ರತಿ ಭಾನುವಾರ ಅವನು ಫ್ರೀವೇ ಹಿಡಿದು ಬಂದ. ಕಾಫಿ ಕುಡಿದ. ಹೇಳಬೇಕಾದ ಒಂದು ಮಾತನ್ನು ಪ್ರತಿ ಸಲವೂ ವಾಪಸ್ ಕೊಂಡೊಯ್ದ.

ಆಮೇಲೆ ಆ ಬುಧವಾರ ಬಂತು.

ಅವಳ ಲಾಗಿನ್‌ನಿಂದ ಕಂಪನಿಯ ಗುಪ್ತ ವಿನ್ಯಾಸಗಳು ಹೊರಗೆ ಹೋಗಿದ್ದವು. ಪಾಸ್‌ವರ್ಡ್ ಅವಳದೇ. ಫೋನಿಗೆ ಬರುವ ಆರಂಕಿಯ ಕೋಡೂ ಅವಳದೇ. ಶುಕ್ರವಾರ ವಿಚಾರಣೆ. ಕೆಲಸ ಹೋದರೆ ವೀಸಾ ಹೋಯಿತು. ಅರವತ್ತು ದಿನದಲ್ಲಿ ಗಂಟುಮೂಟೆ.

'ನನ್ನ ಬೆರಳ ಸದ್ದು ಕೇಳಿದವನು ಒಬ್ಬನೇ...'

ಅವಳು ಅವನನ್ನು ಕರೆಸಿದಳು. ಕಾಫಿ ಕೊಡಲಿಲ್ಲ.

"ನೀವೇನಾ?"

ಅವನ ಮುಖ ಬಿಳಿಚಿತು. ಆದರೂ ಕೇಳಿದ. "ಕೋಡ್ ಬಂದಾಗ ಬಾಯಲ್ಲಿ ಹೇಳ್ಕೋತೀರಾ?"

"ಚಿಕ್ಕಂದಿನಿಂದ ಅಭ್ಯಾಸ. ನಾಲ್ಕು, ಏಳು, ಏಳು ಅಂತ."

"ಕನ್ನಡದಲ್ಲಿ?"

"ಮತ್ತಿನ್ಯಾವುದರಲ್ಲಿ?"

ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು. ಫ್ರೇಮಿನಲ್ಲಿ ಅವಳ ಅಮ್ಮ ನಗುತ್ತಿದ್ದರು.

ಅವನು ಅದರ ವೈರು ಕಿತ್ತು, ಅಡುಗೆಮನೆಗೆ ಒಯ್ದು, ಸಿಗ್ನಲ್ ಹೊರಗೆ ಹೋಗದಂತೆ ಐದು ಲೀಟರಿನ ಕುಕ್ಕರಿನೊಳಗಿಟ್ಟು ಮುಚ್ಚಳ ಬಿಗಿದ. ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

"ಅದು ನೀವು ಕೊಟ್ಟಿದ್ದು, ಅಭಿರಾಮ್."

"ಕೊಟ್ಟಿದ್ದು ನಾನೇ. ಕೊಂಡಿದ್ದು ನಾನಲ್ಲ." ತಲೆ ತಗ್ಗಿಸಿದ. "ನಮ್ಮ ಕನ್ನಡ ಕೂಟದ ಪ್ರಭಾ ಆಂಟಿ ಕೊಟ್ಟಿದ್ರು. ತೆಗೆದೂ ನೋಡದೆ ನಿಮಗೆ ದಾಟಿಸಿಬಿಟ್ಟೆ."

ನಂಬುವುದೋ ಬಿಡುವುದೋ... ಅವಳು ಎದ್ದು ಕ್ಲಾಸೆಟ್ ತೆರೆದಳು. ಯಾವ ಕನ್ನಡದ ಮನೆಯಲ್ಲಿ ಗಿಫ್ಟ್ ಬ್ಯಾಗು ಎಸೆಯುತ್ತಾರೆ? ಮಡಿಸಿಟ್ಟ ನಲವತ್ತರಲ್ಲಿ ಅವನದೂ ಇತ್ತು. 'ಅಭಿರಾಮ್' ಎಂಬ ಚೀಟಿಯನ್ನು ಉಗುರಿನಿಂದ ಎಬ್ಬಿಸಿದಳು. ಕೆಳಗೆ ಅಂಕಲ್-ಆಂಟಿಯ ಹೆಸರು, 'ತಿರುಮಲೇಶ ಮತ್ತು ಪ್ರಭಾ'.

ಅದರ ಕೆಳಗೆ ಇನ್ನೊಂದು. ಮುದ್ದಾದ ಕನ್ನಡ ಅಕ್ಷರ. 'ಹೊಸ ಮನೆಗೆ.'

ಹೆಸರಿರಲಿಲ್ಲ.

ಪ್ರಭಾ ಆಂಟಿಗೆ ಫೋನು ಮಾಡಿದಳು. "ಅಯ್ಯೋ, ನಮ್ಮ ಗೃಹಪ್ರವೇಶಕ್ಕೆ ನೂರಿಪ್ಪತ್ತು ಜನ ಬಂದಿದ್ರಮ್ಮ. ಯಾರು ಏನು ಕೊಟ್ರು ಅಂತ ಹೇಗೆ ಹೇಳಲಿ? ಅದ್ಸರಿ, ಶನಿವಾರ ಪೂಜೆಗೆ ಬರ್ತೀಯ ತಾನೆ? ಎಲ್ಲರೂ ಬರ್ತಾರೆ."

ಎಲ್ಲರೂ... ತನ್ನ ಕನ್ನಡದ ಒಂದು, ಎರಡು ಅರ್ಥವಾದವರು ಯಾರೋ ದೂರದವರಲ್ಲ. ಒಂದೇ ಪಂಕ್ತಿಯಲ್ಲಿ ಕೂತು ಪಾಯಸ ಉಂಡವರು.

ಅಷ್ಟರಲ್ಲಿ ಅಭಿರಾಮ್ ಅವಳ ಆಫೀಸಿಗೆ ಪತ್ರ ಬರೆಯುತ್ತಿದ್ದ. ಫ್ರೇಮು ಕೊಟ್ಟವನು ನಾನು, ನನ್ನನ್ನೇ ಕೇಳಿ, ಎಂದು.

"ನಿಮ್ಮ ಕೆಲಸ ಹೋಗುತ್ತೆ."

"ಸೆಕ್ಯೂರಿಟಿ ಇಂಜಿನಿಯರ್ ಕೊಟ್ಟ ಉಡುಗೊರೆ ಅಂತ ನಗ್ತಾರೆ. ನಗಲಿ. ನೀವು ಇಲ್ಲಿರಬೇಕು, ಅಷ್ಟೇ."

"ಯಾಕೆ?"

"ಭಾನುವಾರ ನಾನು ಇನ್ನೆಲ್ಲಿಗೆ ಹೋಗಲಿ, ನಿಹಾರಿಕಾ?"

ನಾಲ್ಕು ತಿಂಗಳ ಮಾತು ಕೊನೆಗೂ ಹೊರಬಂತು. ಅವಳ ಕಣ್ಣು ತುಂಬಿತು. ಕಾಫಿಗೆ ನೀರಿಟ್ಟಳು.

ಶುಕ್ರವಾರ ಆಫೀಸಿನವರು ಫ್ರೇಮನ್ನು ಕುಕ್ಕರ್ ಸಮೇತ ಕೊಂಡೊಯ್ದರು. ಸೋಮವಾರ ಅವಳ ಲಾಗಿನ್ ವಾಪಸ್ ಬಂತು. ಅವನಿಗೆ ಮೂರು ದಿನ ಫೋನಿನಲ್ಲಿ ಪ್ರಶ್ನೆ ಕೇಳಿ ಬಿಟ್ಟರು. ಫ್ರೇಮಿನೊಳಗಿಂದ ಕದ್ದು ಕೇಳುತ್ತಿದ್ದವರು ಯಾರು ಎಂಬುದು ಮಾತ್ರ ತಿಳಿಯಲಿಲ್ಲ. ಶನಿವಾರದ ಪೂಜೆಯಲ್ಲಿ ಯಾರೋ ಹಿಂದಿನಿಂದ, "ಹೊಸ ಮನೆ ಹೇಗಿದೆ?" ಎಂದು ಕೇಳಿದ್ದರು. ತಿರುಗುವಷ್ಟರಲ್ಲಿ ಬರೀ ಗುಂಪಿತ್ತು. ಅವಳು ಅವನ ಕೈ ಹಿಡಿದುಕೊಂಡಿದ್ದಳು.

ಹೊಸ ಪಾಸ್‌ವರ್ಡ್ ಹಾಕಬೇಕಿತ್ತು. ಅಭಿರಾಮ್ ಗೋಡೆಗೆ ಮುಖಮಾಡಿ, ಎರಡೂ ಕಿವಿಗೆ ಬೆರಳಿಟ್ಟು ನಿಂತ. ದೊಡ್ಡ ಮನುಷ್ಯ, ಶಿಕ್ಷೆಗೆ ನಿಂತ ಹುಡುಗನ ಹಾಗೆ.

ಅವಳು ಟೈಪ್ ಮಾಡಿ ಮುಗಿಸಿ, ಹತ್ತಿರ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಇಳಿಸಿದಳು.

"ಎಷ್ಟು ಅಕ್ಷರ ಹೇಳು ನೋಡೋಣ."

"ಕೇಳಿಸ್ಕೊಳ್ಳಲಿಲ್ಲ. ನಿಜವಾಗಿಯೂ."

"ಮುಂದಿನ ಸಲ ಕೇಳಿಸ್ಕೋ," ಅಂದಳು, ಅವನಿಗಷ್ಟೇ ಕೇಳುವ ಹಾಗೆ. "ನೀನೊಬ್ಬನೇ."